ಮೇಲ್ ಸರ್ವರ್ ಐದರ ಮಗ್ಗಿ ಹೇಳುತ್ತಿದೆಯಾ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಗೋಳು: ಆಫೀಸಿನ ಮೇಲ್ ನಿಧಾನ. ಹಾಗಾಗಿ ಪ್ರಿಂಟರ್, ಮೊಬೈಲ್ ಪ್ರಶ್ನೆಗಳನ್ನೆಲ್ಲ ಮುಂದಿನ ತಿಂಗಳಿಗೆ ತಳ್ಳಿ ಇವನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಕೇಳಿದವರ ಹೆಸರು ಹಾಕಿಲ್ಲ, ಊರು ಮಾತ್ರ ಹಾಕಿದ್ದೇನೆ. ಆಫೀಸಿನ ಒಳಗಿನ ವಿಷಯ ಅಲ್ವಾ.

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಕಾರ್ಖಾನೆ, ಆಫೀಸಿನಲ್ಲಿ 14 ಕಂಪ್ಯೂಟರ್. ನಮ್ಮದೇ ಲಿನಕ್ಸ್ ಮೇಲ್ ಸರ್ವರ್ ಇದೆ, ಅದರಲ್ಲಿ ಮೇಲ್ ಸಾಗಿಸುವ ಪೋಸ್ಟ್‌ಫಿಕ್ಸ್ ಪ್ರೋಗ್ರಾಂ. ಸುಮಾರು ಎರಡು ವರ್ಷದಿಂದ ಸೆಂಡ್ ಒತ್ತಿದರೆ ಅರ್ಧ ನಿಮಿಷ ಗಿರಗಿರ ಸುತ್ತುತ್ತದೆ, ಒಂದು ಸಾಲಿನ ಮೇಲ್ ಆದರೂ ಅಷ್ಟೇ. ಇಂಟರ್‌ನೆಟ್ ಚೆನ್ನಾಗಿಯೇ ಇದೆ, ಯೂಟ್ಯೂಬ್ ಎಲ್ಲ ಸಲೀಸಾಗಿ ಬರುತ್ತದೆ. ವರ್ಷದ ರಿಪೇರಿ ಗುತ್ತಿಗೆ (ಎಎಂಸಿ) ಹಿಡಿದವರು ಸರ್ವರ್ ಹಳೆಯದಾಯಿತು ಅಂತ ಒಂದೂವರೆ ಲಕ್ಷದ ಕೊಟೇಶನ್ ಕೊಟ್ಟಿದ್ದಾರೆ. ತೆಗೆದುಕೊಳ್ಳೋದಾ? (ಬೆಂಗಳೂರು)

ಉತ್ತರ: ಬೇಡ. ಕೊಟೇಶನ್ ಡ್ರಾಯರ್‌ನಲ್ಲಿಡಿ, ಒಂದು ವಾರ ಬಿಟ್ಟು ನೋಡೋಣ.

ನಿಮ್ಮ ಪತ್ರದಲ್ಲಿ ಮುಖ್ಯವಾದ ಮಾತು ಒಂದೇ: "ಒಂದು ಸಾಲಿನ ಮೇಲ್ ಆದರೂ ಅಷ್ಟೇ". ಸರ್ವರ್‌ಗೆ ಶಕ್ತಿ ಸಾಲದೆ ನಿಧಾನವಾಗಿದ್ದರೆ ಸಣ್ಣ ಮೇಲ್ ಬೇಗ ಹೋಗಬೇಕಿತ್ತು, ದೊಡ್ಡದು ತಡವಾಗಬೇಕಿತ್ತು. ಹೋಟೆಲ್‌ನಲ್ಲಿ ಒಂದು ಕಾಫಿಗೂ ಅರ್ಧ ಗಂಟೆ, ಹತ್ತು ಮಸಾಲೆ ದೋಸೆಗೂ ಅರ್ಧ ಗಂಟೆ ಅಂದರೆ ಅಡುಗೆಮನೆಯವರನ್ನು ಬೈದು ಪ್ರಯೋಜನವಿಲ್ಲ, ಆರ್ಡರ್ ಬರೆದುಕೊಂಡ ಹುಡುಗ ಎಲ್ಲೋ ಮಾತಾಡುತ್ತಾ ನಿಂತಿದ್ದಾನೆ ಅಂತ ಅರ್ಥ. ನಿಮ್ಮ ಸರ್ವರ್ ಕೆಲಸ ಮಾಡುತ್ತಾ ತಡ ಮಾಡುತ್ತಿಲ್ಲ. ಯಾರಿಗೋ ಕಾಯುತ್ತಿದೆ. ಕಾಯುವವನಿಗೆ ಒಂದೂವರೆ ಲಕ್ಷದ ಹೊಸ ಕುರ್ಚಿ ಹಾಕಿಕೊಟ್ಟರೂ ಅವನು ಕೂತುಕೊಂಡು ಅಷ್ಟೇ ಹೊತ್ತು ಕಾಯುತ್ತಾನೆ.

ಪತ್ರ ಓದಿ ಇವರಿಗೆ ಫೋನ್ ಮಾಡಿದೆ. ವಿಂಡೋಸ್ ಕಂಪ್ಯೂಟರ್‌ನಲ್ಲಿ ಸರ್ವರ್ ಜೊತೆ ಟೈಪ್ ಮಾಡಿ ಮಾತಾಡುವ ಟೆಲ್‌ನೆಟ್ ಅನ್ನುವ ಪ್ರೋಗ್ರಾಂ ಇರುತ್ತದೆ, ಆದರೆ ಆಫ್ ಆಗಿರುತ್ತದೆ, ಕಂಟ್ರೋಲ್ ಪ್ಯಾನೆಲ್‌ನಲ್ಲಿ ವಿಂಡೋಸ್ ಫೀಚರ್ಸ್ ಅನ್ನುವ ಕಡೆ ಹೋಗಿ ಟಿಕ್ ಹಾಕಬೇಕು. ಅದಾದ ಮೇಲೆ ಕಪ್ಪು ಕಿಟಕಿಯಲ್ಲಿ (ಕಮಾಂಡ್ ಪ್ರಾಂಪ್ಟ್) ಟೆಲ್‌ನೆಟ್, ಸರ್ವರ್‌ನ ನಂಬರ್, ಒಂದು ಜಾಗ ಬಿಟ್ಟು 25 (ಸರ್ವರ್‌ನಲ್ಲಿ ಮೇಲ್‌ಗೆ ಇರುವ ಬಾಗಿಲಿನ ನಂಬರ್) ಅಂತ ಹೊಡೆದು ಎಂಟರ್ ಒತ್ತಿ, ಬಾಯಲ್ಲಿ ಎಣಿಸಿ ಅಂದೆ. "ಒಂದು, ಎರಡು, ಮೂರು, ನಾಲ್ಕು, ಐದು... ಬಂತು ಸರ್, 220 ಅಂತ ಬಂತು." 220 ಅಂದರೆ ಸರ್ವರ್ "ಹೇಳಿ" ಅಂದಂತೆ. ಒಂದೇ ಕೋಣೆಯಲ್ಲಿರುವ ಸರ್ವರ್ "ಹೇಳಿ" ಅನ್ನೋದಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ, ಇದು ಐದು ಸೆಕೆಂಡು ತೆಗೆದುಕೊಂಡಿತು. ಆಮೇಲೆ ಹೆಲೋ ಅಂತ ಹೊಡೆಸಿದೆ. (ಇಂಗ್ಲಿಷಿನಲ್ಲಿ ಹೊಡೆಯುವಾಗ ಎಲ್ ಒಂದೇ. 1982ರಲ್ಲಿ ಮೇಲ್ ಭಾಷೆಯ ನಿಯಮ ಬರೆದಾಗ ಎಲ್ಲ ಅಪ್ಪಣೆಗೂ ನಾಲ್ಕೇ ಅಕ್ಷರ ಇಟ್ಟರು, ಹಾಗಾಗಿ ಪಾಪ ಹೆಲೋಗೆ ಒಂದು ಎಲ್ ಹೋಯಿತು.) ಅದಕ್ಕೆ ಉತ್ತರ ಥಟ್ಟನೆ ಬಂತು. ಕಳಿಸುವವರ ವಿಳಾಸ ಹೊಡೆಸಿದೆ, ಅದೂ ಥಟ್ಟನೆ. ಯಾರಿಗೆ ಅನ್ನುವ ವಿಳಾಸ ಹೊಡೆದು ಎಂಟರ್ ಒತ್ತಿದ್ದೇ ತಡ, ಸರ್ವರ್ ಗಪ್‌ಚುಪ್. ಈ ಸಲ ಇಬ್ಬರೂ ಸೇರಿ ಎಣಿಸಿದೆವು. ಇಪ್ಪತ್ತೈದಕ್ಕೆ ಬಂತು.

ಐದು, ಆಮೇಲೆ ಇಪ್ಪತ್ತೈದು. ಏಳಲ್ಲ, ಹತ್ತೊಂಬತ್ತಲ್ಲ. ಐದರ ಮಗ್ಗಿ ಕೇಳಿಸಿದ ತಕ್ಷಣ ನನ್ನ ಅನುಮಾನ ಡಿಎನ್‌ಎಸ್ ಮೇಲೆ, ಅಂದರೆ ಹೆಸರಿಗೆ ನಂಬರ್, ನಂಬರ್‌ಗೆ ಹೆಸರು ಹುಡುಕಿಕೊಡುವ ಇಂಟರ್‌ನೆಟ್ ಡೈರೆಕ್ಟರಿ ಮೇಲೆ ಹೋಗುತ್ತದೆ. ಯಾಕೆ ಅಂದರೆ, ಲಿನಕ್ಸ್ ಯಂತ್ರ ಒಂದು ಹೆಸರನ್ನೋ ನಂಬರನ್ನೋ ಹುಡುಕಬೇಕಾದಾಗ ತನ್ನ ಪಟ್ಟಿಯಲ್ಲಿರುವ ಮೊದಲ ಡಿಎನ್‌ಎಸ್ ಸರ್ವರನ್ನು ಕೇಳುತ್ತದೆ, ಅದು ಬಾಯಿ ಬಿಡದಿದ್ದರೆ 5 ಸೆಕೆಂಡು ಕಾದು ಎರಡನೆಯದನ್ನು ಕೇಳುತ್ತದೆ. "ಇಲ್ಲ, ಗೊತ್ತಿಲ್ಲ" ಅಂದಿದ್ದರೂ ಚಿಂತೆಯಿರಲಿಲ್ಲ, ಆ ಕ್ಷಣವೇ ಮುಂದೆ ಹೋಗುತ್ತಿತ್ತು. ತೊಂದರೆ ಬರೋದು ಬಾಗಿಲು ಬಡಿದರೂ ಒಳಗಿನಿಂದ ಸದ್ದೇ ಇಲ್ಲದಿದ್ದಾಗ. ಇದ್ದಾರೋ ಇಲ್ಲವೋ ಗೊತ್ತಾಗದೆ ನಾವೂ ಜಗಲಿ ಮೇಲೆ ಕಾಯುತ್ತೇವಲ್ಲ, ಹಾಗೆ.

ಆ ಪಟ್ಟಿ ಇರುವ ರಿಸಾಲ್ವ್ ಕಾನ್ಫ್ (resolv.conf) ಫೈಲ್ ತೆರೆಸಿದೆ. ಮೊದಲ ಸಾಲಿನಲ್ಲಿ ಹಳೇ ಬ್ರಾಡ್‌ಬ್ಯಾಂಡ್ ಕಂಪನಿಯ ಡಿಎನ್‌ಎಸ್ ನಂಬರ್. "ಆ ಕನೆಕ್ಷನ್ ಬಿಟ್ಟು ಎಷ್ಟು ದಿನ ಆಯಿತು?" ಅಂದೆ. "ಎರಡು ವರ್ಷ ಆಯಿತು ಸರ್..." ಅಂದವರು ಹಾಗೇ ಸುಮ್ಮನಾದರು. ಹೊಸ ಕನೆಕ್ಷನ್ ಬಂದಾಗ ಬೇರೆ ಕಂಪ್ಯೂಟರ್‌ಗಳಿಗೆಲ್ಲ ರೂಟರ್ ತಾನಾಗಿಯೇ ಹೊಸ ನಂಬರ್ ಕೊಟ್ಟಿತು, ಅದಕ್ಕೇ ಯೂಟ್ಯೂಬ್ ಸಲೀಸು. ಸರ್ವರ್‌ಗೆ ಮಾತ್ರ ಕೈಯಲ್ಲಿ ಬರೆದಿಟ್ಟಿದ್ದರು, ಅದನ್ನು ಯಾರೂ ಮುಟ್ಟಿರಲಿಲ್ಲ. ಬಿಟ್ಟುಹೋದ ಗಿರಾಕಿಗೆ ಹಳೇ ಕಂಪನಿಯ ಡಿಎನ್‌ಎಸ್ ಯಾಕೆ ಉತ್ತರ ಕೊಡುತ್ತದೆ ಹೇಳಿ.

ಸೆಕೆಂಡುಗಳ ಲೆಕ್ಕ ಹೀಗಿತ್ತು. ಯಾರಾದರೂ ಬಂದು ಮಾತಾಡಿಸಿದರೆ ಪೋಸ್ಟ್‌ಫಿಕ್ಸ್ ಮೊದಲು ಆ ನಂಬರ್ ಯಾರದು ಅಂತ ಡಿಎನ್‌ಎಸ್‌ನಲ್ಲಿ ವಿಚಾರಿಸಿ ಆಮೇಲೆ "ಹೇಳಿ" ಅನ್ನುತ್ತದೆ. ಅದಕ್ಕೆ 5. ಆಮೇಲೆ ಯಾರೋ ಪುಣ್ಯಾತ್ಮರು ಸ್ಪ್ಯಾಮ್ ತಡೆಯಲು ಐದು ಕಪ್ಪುಪಟ್ಟಿಗಳನ್ನು (ಸ್ಪ್ಯಾಮ್ ಕಳಿಸುವವರ ಪಟ್ಟಿ) ಸೇರಿಸಿದ್ದರು, ಅವನ್ನು ಕೇಳೋದೂ ಡಿಎನ್‌ಎಸ್ ಮೂಲಕವೇ, ಒಂದೊಂದಕ್ಕೂ 5. ಒಟ್ಟು ಮೂವತ್ತು. ಅದರಲ್ಲೂ ಆಫೀಸಿನವರನ್ನು ಒಳಗೆ ಬಿಡು ಅನ್ನುವ ಸಾಲು ಕಪ್ಪುಪಟ್ಟಿ ಸಾಲುಗಳ ಕೆಳಗಿತ್ತು. ಹಾಗಾಗಿ ಪಕ್ಕದ ಟೇಬಲ್‌ನವರು ಮೇಲ್ ಕಳಿಸಿದರೂ "ಇವರು ಜಗತ್ಪ್ರಸಿದ್ಧ ಸ್ಪ್ಯಾಮರ್ ಇರಬಹುದಾ" ಅಂತ ಐದು ಕಡೆ ವಿಚಾರಣೆ. ಮನೆ ಮಗ ಹಾಲು ತರಲು ಹೋಗಿ ಬಂದರೆ ಆಧಾರ್ ಕಾರ್ಡ್ ಕೇಳಿದ ಹಾಗೆ.

ಮೊದಲ ಸಾಲು ಅಳಿಸಿದರು, ಆಫೀಸಿನವರ ಸಾಲನ್ನು ಮೇಲಕ್ಕೆ ತಂದರು, ಪೋಸ್ಟ್‌ಫಿಕ್ಸ್ ರೀಲೋಡ್ ಮಾಡಿದರು. ಸೆಂಡ್ ಒತ್ತಿದರೆ ಸುತ್ತುವ ಚಕ್ರ ಕಾಣಿಸಿಕೊಳ್ಳುವ ಮೊದಲೇ ಹೋಯಿತು. ಅದೇ ಹಳೇ ಸರ್ವರ್.

ಇನ್ನೂ ಎರಡು ಮಾತು. ನಿಮ್ಮ ಐದು ಪಟ್ಟಿಗಳಲ್ಲಿ ಸಾರ್ಬ್ಸ್ ಅನ್ನೋದು 2024ರ ಜೂನ್‌ನಲ್ಲೇ ಮುಚ್ಚಿದೆ, ತೆಗೆದುಹಾಕಿ. ಸತ್ತ ಪಟ್ಟಿಯನ್ನು ಇಟ್ಟುಕೊಂಡರೆ ತಡ ಆಗೋದು ಒಂದೇ ಅಲ್ಲ. ಓಆರ್‌ಡಿಬಿ ಅಂತ ಒಂದು ಪಟ್ಟಿಯಿತ್ತು, 2006ರ ಕೊನೆಯಲ್ಲಿ ನಿಂತಿತು, ಜನ ಕೇಳುವುದನ್ನು ನಿಲ್ಲಿಸಲಿಲ್ಲ. 2008ರ ಮಾರ್ಚ್‌ನಲ್ಲಿ ಅದು ಯಾರ ಬಗ್ಗೆ ಕೇಳಿದರೂ "ಹೌದು, ಕಳ್ಳ" ಅನ್ನತೊಡಗಿತು, ಅದನ್ನು ನಂಬಿದ್ದವರಿಗೆ ಬರುವ ಮೇಲ್ ಎಲ್ಲ ವಾಪಸ್ ಹೋದವು. ಎರಡನೆಯದು, ಡಿಎನ್‌ಎಸ್ ಜಾಗದಲ್ಲಿ ಗೂಗಲ್‌ನ ನಾಲ್ಕು ಎಂಟು (8.8.8.8) ಹಾಕಿ ಕೈತೊಳೆದುಕೊಳ್ಳಬೇಡಿ. ಮೇಲ್ ಸರ್ವರ್‌ಗೆ ಅದು ಸರಿಹೋಗಲ್ಲ, ಸ್ಪ್ಯಾಮ್‌ಹೌಸ್ ಪಟ್ಟಿ ಅಂಥ ಸಾರ್ವಜನಿಕ ಡಿಎನ್‌ಎಸ್ ಮೂಲಕ ಬಂದ ಪ್ರಶ್ನೆಗೆ ಉತ್ತರದ ಬದಲು ತಪ್ಪಿನ ಕೋಡ್ ಕೊಡುತ್ತದೆ, ಆ ಕೋಡನ್ನೇ ಸರ್ವರ್ "ಪಟ್ಟಿಯಲ್ಲಿದ್ದಾನೆ" ಅಂತ ತಿಳಿದರೆ ಮುಗಿಯಿತು ಕಥೆ. ಸರ್ವರ್‌ನಲ್ಲೇ ಅನ್‌ಬೌಂಡ್ ಅನ್ನುವ ಸಣ್ಣ ಡಿಎನ್‌ಎಸ್ ಪ್ರೋಗ್ರಾಂ ಹಾಕಿಕೊಳ್ಳಿ, ಪುಕ್ಕಟೆ.

ನಾನೂ ಇದನ್ನು ದುಡ್ಡು ಕೊಟ್ಟೇ ಕಲಿತೆ. ಹಿಂದೆ ಒಬ್ಬರ ಆಫೀಸಿನಲ್ಲಿ ಇದೇ ತೊಂದರೆಗೆ ರ‍್ಯಾಮ್ ಹಾಕಿಸಿದೆ, ಆಮೇಲೆ ಡಿಸ್ಕ್ ಬದಲಿಸಿದೆ, ಮೂರನೇ ಸಲ ಹೋದಾಗ ಅವರ ಅಟೆಂಡರ್ "ಯಾವಾಗಲೂ ಲೆಕ್ಕ ಹಾಕಿದ ಹಾಗೆ ಇಪ್ಪತ್ತೇ ಸೆಕೆಂಡು ಸರ್" ಅಂದ. ಎರಡು ಡಿಎನ್‌ಎಸ್ ನಂಬರ್, ಎರಡೂ ಸತ್ತಿವೆ, ಒಂದೊಂದನ್ನೂ ಎರಡೆರಡು ಸಲ ಕೇಳುತ್ತದೆ, ಇಪ್ಪತ್ತು. ನನಗಿಂತ ಮೊದಲು ಅವನು ಗಡಿಯಾರ ನೋಡಿದ್ದ.

ಪ್ರಶ್ನೆ: ಹೊಸ ಗಿರಾಕಿಗಳು ಮೊದಲ ಸಲ ಮೇಲ್ ಹಾಕಿದರೆ ನಮಗೆ ಹತ್ತು ಹದಿನೈದು ನಿಮಿಷ ತಡವಾಗಿ ಬರುತ್ತದೆ. ಎರಡನೇ ಸಲದಿಂದ ತಕ್ಷಣ ಬರುತ್ತದೆ. ಏನಿದು ವಿಚಿತ್ರ? (ದಾವಣಗೆರೆ)

ಉತ್ತರ: ವಿಚಿತ್ರ ಏನಿಲ್ಲ, ನಿಮ್ಮ ಸರ್ವರ್‌ನಲ್ಲಿ ಗ್ರೇಲಿಸ್ಟಿಂಗ್ ಹಾಕಿದ್ದಾರೆ. ಹಿಂದೆ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದು ದೆವ್ವವನ್ನು ವಾಪಸ್ ಕಳಿಸುತ್ತಿದ್ದರಲ್ಲ, ಅದೇ ಉಪಾಯ. ಗುರುತಿಲ್ಲದವರು ಬಂದರೆ "ಈಗ ಆಗಲ್ಲ, ಆಮೇಲೆ ಬಾ" ಅನ್ನುತ್ತದೆ. ಸ್ಪ್ಯಾಮ್ ಕಳಿಸುವ ಪ್ರೋಗ್ರಾಂ ಹೆಚ್ಚಾಗಿ ತಿರುಗಿ ಬರಲ್ಲ, ಸರಿಯಾದ ಸರ್ವರ್ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬರುತ್ತದೆ, ಆಮೇಲೆ ಗುರುತಾಗುತ್ತದೆ. ಎಷ್ಟು ಹೊತ್ತು ಅನ್ನೋದು ಕಳಿಸುವವರ ಕಡೆ ಇರುವ ಲೆಕ್ಕ. ಇದು 2003ರ ಹೊತ್ತಿನ ಉಪಾಯ, ಆಗ ತುಂಬಾ ಕೆಲಸ ಮಾಡುತ್ತಿತ್ತು. ಈಗ ಬ್ಯಾಂಕ್ ಓಟಿಪಿ ಮೇಲ್‌ನಲ್ಲಿ ಬರುವ ಕಾಲ. ಓಟಿಪಿ ಹದಿನೈದು ನಿಮಿಷ ಬಿಟ್ಟು ಬಂದರೆ ಏನು ಮಾಡ್ತೀರಿ? ನನ್ನ ಕೇಳಿದರೆ ತೆಗೆದುಬಿಡಿ.

ಪ್ರಶ್ನೆ: ಸರ್, ನಮ್ಮದು ಪ್ರಿಂಟಿಂಗ್ ಪ್ರೆಸ್. ಎಲ್ಲಾರ ಮೇಲೂ ಬರೋಬ್ಬರಿ ಹೋಗ್ತಾವ, ಡಿಸೈನ್ ರೂಮಿನ ಒಂದು ಕಂಪ್ಯೂಟರ್‌ದಿಂದ ಮಾತ್ರ ಐದು ಎಂಬಿ ಫೈಲ್ ಹಚ್ಚಿದ್ರ ಜೀವ ತಿಂತೈತಿ. ಪಿಂಗ್ ಮಾಡಿದ್ರ ಛಲೋ ಬರತೈತಿ. ಸರ್ವರ್‌ದ್ದ ತಪ್ಪೋ, ಕಂಪ್ಯೂಟರ್‌ದ್ದ ತಪ್ಪೋ? (ಹುಬ್ಬಳ್ಳಿ)

ಉತ್ತರ: ಒಬ್ಬರಿಗೆ ಮಾತ್ರ ನಿಧಾನ ಅಂದಮೇಲೆ ಸರ್ವರನ್ನು ಬಿಟ್ಟುಬಿಡಿ. ಆ ಕಂಪ್ಯೂಟರ್, ಅದರ ಕೇಬಲ್, ಸ್ವಿಚ್‌ನಲ್ಲಿ ಅದು ಕೂತಿರುವ ಕಿಂಡಿ, ಈ ಮೂರರಲ್ಲೇ ಕಳ್ಳ ಇದ್ದಾನೆ. ಮೇಲ್ ವಿಷಯವನ್ನೂ ಸ್ವಲ್ಪ ಹೊತ್ತು ಮರೆತು, 100 ಎಂಬಿ ಇರುವ ಒಂದು ಫೈಲನ್ನು ಆ ಕಂಪ್ಯೂಟರ್‌ನಿಂದ ಸರ್ವರ್‌ಗೆ ಸುಮ್ನೆ ಕಾಪಿ ಮಾಡಿ ನೋಡಿ. 100 ಎಂಬಿಪಿಎಸ್ ನೆಟ್‌ವರ್ಕ್ ಆದರೆ ಒಂಬತ್ತು ಹತ್ತು ಸೆಕೆಂಡು, ಗಿಗಾಬಿಟ್ ಆದರೆ ಒಂದೆರಡು ಸೆಕೆಂಡು. ನಿಮಿಷಗಟ್ಟಲೆ ಹೋದರೆ ಮೇಲ್‌ಗೂ ಇದಕ್ಕೂ ಸಂಬಂಧ ಇಲ್ಲ ಅಂತ ಖಾತ್ರಿಯಾಯಿತು.

ನನಗೆ ಜಾಸ್ತಿ ಅನುಮಾನ ಡ್ಯೂಪ್ಲೆಕ್ಸ್ ಮೇಲೆ. ನೆಟ್‌ವರ್ಕ್ ಕಾರ್ಡೂ ಸ್ವಿಚ್ಚೂ ಕೇಬಲ್ ಚುಚ್ಚಿದ ಕೂಡಲೇ ತಮ್ಮತಮ್ಮಲ್ಲೇ ಮಾತಾಡಿಕೊಂಡು ವೇಗ ಎಷ್ಟು, ಒಟ್ಟೊಟ್ಟಿಗೆ ಮಾತಾಡೋದಾ ಅಥವಾ ಸರದಿ ಪ್ರಕಾರನಾ ಅಂತ ತೀರ್ಮಾನ ಮಾಡಿಕೊಳ್ಳುತ್ತವೆ. ಯಾವುದೋ ಕಾಲದಲ್ಲಿ ಯಾರೋ ಜಾಣರು ಆ ಕಂಪ್ಯೂಟರ್‌ಗೆ "100 ಫುಲ್" ಅಂತ ಕೈಯಲ್ಲಿ ಕಟ್ಟು ಹಾಕಿದ್ದರೆ ಅದು ಮಾತುಕತೆಗೇ ಬರಲ್ಲ. ಆ ಕಡೆ ಸ್ವಿಚ್ ಉತ್ತರ ಸಿಗದೆ "ಸರಿ, ಸರದಿ ಪ್ರಕಾರವೇ ಇರಲಿ" ಅಂತ ಹಾಫ್‌ಗೆ ಇಳಿಯುತ್ತದೆ. ಈಗ ಒಬ್ಬ ನಡುನಡುವೆ ಬಾಯಿ ಹಾಕುತ್ತಾನೆ, ಇನ್ನೊಬ್ಬ "ನನ್ನ ಸರದಿ ಕೆಟ್ಟಿತು" ಅಂತ ಮೊದಲಿನಿಂದ ಶುರು ಮಾಡುತ್ತಾನೆ. ಪಿಂಗ್ ಅಂದರೆ ಒಂದು ಚಿಟಿಕೆ ಮಾತು, ಡಿಕ್ಕಿ ಆಗೋದೇ ಅಪರೂಪ, ಅದಕ್ಕೇ ನಿಮಗೆ ಛಲೋ ಕಾಣುತ್ತದೆ. ಐದು ಎಂಬಿ ಡಿಸೈನ್ ಅಂದರೆ ಸಾವಿರಾರು ತುಂಡು, ಅಲ್ಲಿ ಹೆಜ್ಜೆಗೊಂದು ಡಿಕ್ಕಿ. ಡಿವೈಸ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಕಾರ್ಡ್ ತೆರೆದು, ಅಡ್ವಾನ್ಸ್‌ಡ್ ಒಳಗೆ ಸ್ಪೀಡ್ ಆಂಡ್ ಡ್ಯೂಪ್ಲೆಕ್ಸ್ ಅನ್ನುವುದನ್ನು ಆಟೋ ನೆಗೋಶಿಯೇಷನ್‌ಗೆ ಹಾಕಿ. ಎರಡೂ ಕಡೆ ಆಟೋ ಇರಲಿ, ಈಗಿನ ಕಾಲದಲ್ಲಿ ಕೈಯಲ್ಲಿ ಕಟ್ಟು ಹಾಕುವ ಅಗತ್ಯ ಸಣ್ಣ ಆಫೀಸಿಗೆ ಬರಲ್ಲ.

ಅಲ್ಲೇ ಆಟೋ ಇದ್ದರೆ ಕೇಬಲ್ ನೋಡಿ. ಪ್ರೆಸ್ಸಿನಲ್ಲಿ ಪೇಪರ್ ಬಂಡಲ್ ತಳ್ಳುಗಾಡಿ ಅದರ ಮೇಲೆ ಎಷ್ಟು ಸಲ ಹಾದುಹೋಗಿದೆಯೋ ದೇವರೇ ಬಲ್ಲ. ಕೇಬಲ್ ಒಳಗೆ ಎಂಟು ತಂತಿ. ಗಿಗಾಬಿಟ್‌ಗೆ ಎಂಟೂ ಬೇಕು, 100ಕ್ಕೆ ನಾಲ್ಕು ಸಾಕು. ಪಕ್ಕದವರ ಕಿಂಡಿಯಲ್ಲಿ ಗಿಗಾಬಿಟ್ ಲೈಟ್ ಉರಿಯುತ್ತಿದ್ದು ನಿಮ್ಮದರಲ್ಲಿ 100ರ ಬಣ್ಣ ಕಂಡರೆ ಒಂದು ತಂತಿ ತುಂಡಾಗಿರಬೇಕು, ಇಲ್ಲವೇ ತುದಿಯ ಕ್ಲಿಪ್ ಸರಿಯಾಗಿ ಕ್ರಿಂಪ್ ಆಗಿಲ್ಲ. ಚೆನ್ನಾಗಿ ಓಡುತ್ತಿರುವ ಕಂಪ್ಯೂಟರ್‌ನ ಕೇಬಲ್ ಕಿತ್ತು ಇದಕ್ಕೆ ಹಾಕಿ, ಇದರದ್ದನ್ನು ಅದಕ್ಕೆ ಹಾಕಿ. ರೋಗ ಕೇಬಲ್ ಜೊತೆ ಹೋಯಿತೋ, ಅಲ್ಲೇ ಉಳಿಯಿತೋ, ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಪ್ರಶ್ನೆ: ಬ್ರಾಡ್‌ಬ್ಯಾಂಡ್ ಬದಲಿಸಿದ ಮೇಲೆ ಹೊರಗೆ ಸಣ್ಣ ಮೇಲ್ ಹೋಗುತ್ತದೆ, ಫೋಟೊ ಹಾಕಿದರೆ ಅರ್ಧಕ್ಕೆ ನಿಂತು ಕೊನೆಗೆ ಟೈಮ್‌ಔಟ್ ಅನ್ನುತ್ತದೆ. ಆಫೀಸಿನ ಒಳಗೊಳಗೆ ಕಳಿಸಿದರೆ ಎಂಥ ಫೋಟೊ ಆದರೂ ಹೋಗುತ್ತದೆ. (ಹಾಸನ)

ಉತ್ತರ: ಹೊಸ ಕನೆಕ್ಷನ್‌ನಲ್ಲಿ ಯೂಸರ್‌ನೇಮ್, ಪಾಸ್‌ವರ್ಡ್ ಹಾಕುವ ಪಿಪಿಪಿಓಇ ಇದೆಯಾ ನೋಡಿ. ಮಾಮೂಲಿ ನೆಟ್‌ವರ್ಕ್‌ನಲ್ಲಿ ಒಂದು ಪೊಟ್ಟಣ 1500 ಬೈಟ್ ತನಕ ಇರಬಹುದು, ಪಿಪಿಪಿಓಇ ತನ್ನ ಚೀಟಿ ಅಂಟಿಸಲು 8 ಬೈಟ್ ತೆಗೆದುಕೊಳ್ಳುತ್ತದೆ, ಉಳಿಯೋದು 1492. ದೊಡ್ಡ ಪೊಟ್ಟಣ ಬಾಗಿಲಲ್ಲಿ ಸಿಕ್ಕಿಕೊಂಡಾಗ "ಸ್ವಲ್ಪ ಸಣ್ಣದು ಮಾಡಿ ಕಳಿಸಿ" ಅಂತ ಸುದ್ದಿ ವಾಪಸ್ ಬರಬೇಕು, ಆದರೆ ಎಷ್ಟೋ ಫೈರ್‌ವಾಲ್‌ಗಳು ಭದ್ರತೆ ಅಂತ ಆ ಸುದ್ದಿಯನ್ನೇ ನುಂಗುತ್ತವೆ. ಸಣ್ಣ ಮೇಲ್ ಪೂರ್ತಿ ಪೊಟ್ಟಣ ತುಂಬಲ್ಲ, ಹಾಗಾಗಿ ದಾಟುತ್ತದೆ. ಪರೀಕ್ಷೆ ಸುಲಭ. ವಿಂಡೋಸ್‌ನಲ್ಲಿ ಹೊರಗಿನ ಯಾವುದಾದರೂ ಸೈಟಿಗೆ ಪಿಂಗ್ ಮಾಡುವಾಗ ಮೈನಸ್ ಎಫ್, ಆಮೇಲೆ ಮೈನಸ್ ಎಲ್ ಸೇರಿಸಿ ಅಳತೆ 1472 ಕೊಡಿ, ಆಮೇಲೆ 1464 ಕೊಡಿ. ಮೊದಲನೆಯದು ಸೋತು ಎರಡನೆಯದು ಗೆದ್ದರೆ ಇದೇ ರೋಗ. ರೂಟರ್‌ನಲ್ಲಿ ಎಂಟಿಯು (ಪೊಟ್ಟಣದ ಗರಿಷ್ಠ ಅಳತೆ) 1492 ಹಾಕಿ, ಎಂಎಸ್‌ಎಸ್ ಕ್ಲಾಂಪಿಂಗ್ ಅನ್ನೋದು ಇದ್ದರೆ ಅದನ್ನೂ ಆನ್ ಮಾಡಿ.

ಪ್ರಶ್ನೆ: ನಮ್ಮ ಸಹಕಾರಿ ಸಂಘದಲ್ಲಿ 22 ಜನ. ಬೆಳಿಗ್ಗೆ ಹತ್ತರಿಂದ ಹನ್ನೊಂದರ ತನಕ ಮೇಲ್ ತೆರೆಯುವುದೇ ಇಲ್ಲ, ಮಧ್ಯಾಹ್ನ ಆರಾಮ. ಎಲ್ಲರೂ ಔಟ್‌ಲುಕ್, ಮೇಲನ್ನು ಕಂಪ್ಯೂಟರ್‌ಗೆ ಇಳಿಸಿಕೊಳ್ಳುವ ಪಿಓಪಿ ವಿಧಾನ. ಮೇಲ್ ಅಳಿಸಬಾರದು ಅಂತ ಕಾರ್ಯದರ್ಶಿಗಳ ಆದೇಶ ಇದೆ. (ಶಿರಸಿ)

ಉತ್ತರ: ಇದು ಪೀಣ್ಯದವರ ಹಾಗೆ ಕಾಯುವ ರೋಗ ಅಲ್ಲ, ನಿಜವಾಗಿ ದುಡಿದು ಸುಸ್ತಾಗುವ ರೋಗ. ಹೊತ್ತು ನೋಡಿ ಕಾಣಿಸಿಕೊಳ್ಳುತ್ತದೆ, ಹೊತ್ತು ನೋಡಿ ಹೋಗುತ್ತದೆ, ಜನ ಜಾಸ್ತಿ ಆದಷ್ಟೂ ಜಾಸ್ತಿ ಆಗುತ್ತದೆ.

ಹತ್ತಕ್ಕೆ 22 ಜನ ಒಟ್ಟಿಗೆ ಬಂದು ಔಟ್‌ಲುಕ್ ತೆರೆಯುತ್ತೀರಿ. ಮೇಲ್ ಅಳಿಸಬಾರದು ಅಂದಮೇಲೆ ಎಲ್ಲರೂ "ಸರ್ವರ್‌ನಲ್ಲೂ ಒಂದು ಪ್ರತಿ ಇರಲಿ" ಅನ್ನುವ ಟಿಕ್ ಹಾಕಿಕೊಂಡಿರುತ್ತೀರಿ. ಹಳೇ ಸರ್ವರ್‌ಗಳಲ್ಲಿ ಒಬ್ಬರ ಮೇಲ್ ಎಲ್ಲ ಎಂಬಾಕ್ಸ್ ಅನ್ನುವ ಒಂದೇ ಉದ್ದ ಫೈಲ್‌ನಲ್ಲಿ ಇರುತ್ತದೆ, ಹಳೇ ಕಿರ್ದಿ ಪುಸ್ತಕದ ಹಾಗೆ, ಹೊಸದು ಬಂದರೆ ಕೊನೆಗೆ ಸೇರಿಸೋದು. ಸೇರಿಸುವುದಕ್ಕೆ ಕಷ್ಟವಿಲ್ಲ. ಆದರೆ ಇದು ಓದಿದ್ದು, ಇದು ಹೊಸದು ಅಂತ ಒಂದು ಗುರುತು ಬದಲಿಸಬೇಕಾದರೂ ಎಷ್ಟೋ ಸಲ ಇಡೀ ಫೈಲನ್ನು ಮೊದಲಿನಿಂದ ಓದಿ ಮತ್ತೆ ಬರೆಯಬೇಕು. ಒಬ್ಬೊಬ್ಬರದು ಎರಡು ಮೂರು ಜಿಬಿ ಆಗಿದ್ದರೆ 22 ಜನಕ್ಕೆ ಎಷ್ಟಾಯಿತು ನೀವೇ ಲೆಕ್ಕ ಹಾಕಿ, ಅಡಿಕೆ ಲೆಕ್ಕ ಹಾಕುವವರಿಗೆ ನಾನೇನು ಹೇಳಿಕೊಡೋದು. 7200 ಸುತ್ತಿನ ಮಾಮೂಲಿ ಹಾರ್ಡ್‌ಡಿಸ್ಕ್ ಒಂದು ಸೆಕೆಂಡಿಗೆ ಬೇರೆಬೇರೆ ಕಡೆಯ ನೂರು ಕೆಲಸ ಮಾಡಿದರೆ ಅದೇ ದೊಡ್ಡದು. ಅದರ ಮುಳ್ಳು ಒಂದು ಕಡೆಯಿಂದ ಇನ್ನೊಂದು ಕಡೆ ಓಡಾಡುತ್ತಲೇ ಇರುತ್ತದೆ. ಕಿವಿಗೊಟ್ಟು ಕೇಳಿ, ಬೆಳಿಗ್ಗೆ ಹತ್ತೂಕಾಲಿಗೆ ಸರ್ವರ್ ಪಕ್ಕ ನಿಂತರೆ ಕಟಕಟ ಸದ್ದು ಬರುತ್ತಿರಬೇಕು.

ಖಾತ್ರಿ ಮಾಡಿಕೊಳ್ಳಲು ಆ ಹೊತ್ತಿನಲ್ಲಿ ಸರ್ವರ್‌ನಲ್ಲಿ ಟಾಪ್ ಅಂತ ಹೊಡೆಸಿ. ಮೇಲ್ಗಡೆ ಸಾಲಿನಲ್ಲಿ ಡಬ್ಲ್ಯು ಎ ಅನ್ನುವ ಅಂಕಿ ಇರುತ್ತದೆ, ಪ್ರೊಸೆಸರ್ ಡಿಸ್ಕ್‌ಗಾಗಿ ಕೈಕಟ್ಟಿ ಕೂತ ಹೊತ್ತು ಅದು. ಐವತ್ತು ಅರವತ್ತು ಕಂಡರೆ ಡಿಸ್ಕ್‌ದೇ ತೊಂದರೆ. ಅದೇ ಪರದೆಯಲ್ಲಿ ಸ್ವಾಪ್ (ರ‍್ಯಾಮ್ ಸಾಲದೆ ಡಿಸ್ಕ್ ಬಳಸಿಕೊಂಡದ್ದು) ಎಷ್ಟಿದೆ ಅಂತಲೂ ನೋಡಿ. ವೈರಸ್ ಹಿಡಿಯುವ ಕ್ಲಾಮ್‌ಎವಿ ಹಾಕಿದ್ದರೆ ಅದೊಂದೇ ಒಂದು ಜಿಬಿಗಿಂತ ಜಾಸ್ತಿ ರ‍್ಯಾಮ್ ತಿನ್ನುತ್ತದೆ. ಎರಡು ಜಿಬಿ ರ‍್ಯಾಮ್ ಇರುವ ಹಳೇ ಯಂತ್ರದಲ್ಲಿ ಅದನ್ನು ಕೂರಿಸಿದರೆ ಉಳಿದವರಿಗೆಲ್ಲ ಡಿಸ್ಕೇ ಗತಿ.

ಮೊದಲು ದುಡ್ಡಿಲ್ಲದ ಕೆಲಸ ಮಾಡಿ. ಬ್ಯಾಕಪ್ ಎಷ್ಟು ಹೊತ್ತಿಗೆ ಓಡುತ್ತದೆ ವಿಚಾರಿಸಿ. ಒಂಬತ್ತಕ್ಕೆ ಶುರುವಾಗಿ ಹನ್ನೊಂದಕ್ಕೆ ಮುಗಿಯುವಂತೆ ಇಟ್ಟವರನ್ನು ನಾನು ಕಂಡಿದ್ದೇನೆ, ರಾತ್ರಿ ಸರ್ವರ್ ಆಫ್ ಮಾಡುವ ಅಭ್ಯಾಸ ಇದ್ದ ಕಾಲದ್ದು. ಔಟ್‌ಲುಕ್ ಎಷ್ಟು ನಿಮಿಷಕ್ಕೊಮ್ಮೆ ಮೇಲ್ ಇದೆಯಾ ಅಂತ ಕೇಳುತ್ತದೆ ನೋಡಿ, ಒಂದು ನಿಮಿಷ ಇದ್ದರೆ ಹತ್ತು ಮಾಡಿ. ಆಮೇಲೆ ಒಂದು ಭಾನುವಾರ ಕೂತು ಎಂಬಾಕ್ಸ್‌ನಿಂದ ಮೇಲ್‌ಡಿರ್‌ಗೆ ಬದಲಾಯಿಸಿ, ಅದರಲ್ಲಿ ಒಂದು ಮೇಲ್‌ಗೆ ಒಂದು ಫೈಲ್, ಗುರುತು ಬದಲಿಸಲು ಫೈಲಿನ ಹೆಸರು ಬದಲಿಸಿದರೆ ಸಾಕು. ಆ ಕೆಲಸಕ್ಕೆ ಮೊದಲು ಬ್ಯಾಕಪ್ ತೆಗೆದು, ಅದು ವಾಪಸ್ ತೆರೆಯುತ್ತದೆ ಅಂತ ಕಣ್ಣಾರೆ ನೋಡಿಕೊಳ್ಳಿ. ಪಿಓಪಿ ಬಿಟ್ಟು, ಮೇಲನ್ನು ಸರ್ವರ್‌ನಲ್ಲೇ ಇಟ್ಟು ನೋಡುವ ಐಮ್ಯಾಪ್‌ಗೆ ಬಂದರೆ ಇನ್ನೂ ಒಳ್ಳೆಯದು. ದುಡ್ಡು ಹಾಕಲೇಬೇಕು ಅಂದರೆ ಎಸ್‌ಎಸ್‌ಡಿಗೆ ಹಾಕಿ, ಈ ಪುಟದ ಅಷ್ಟೂ ಪತ್ರಗಳಲ್ಲಿ ದೊಡ್ಡ ಸಾಮಾನು ಕೊಳ್ಳಿ ಅಂತ ನಾನು ಹೇಳುತ್ತಿರೋದು ನಿಮಗೊಬ್ಬರಿಗೇ. ಇನ್ನೊಂದು: ಯಾರಾದರೂ ಔಟ್‌ಲುಕ್ ಮೇಲ್ ಕೂಡಿಡುವ ಪಿಎಸ್‌ಟಿ ಫೈಲನ್ನು ಸರ್ವರ್‌ನ ಹಂಚಿದ ಫೋಲ್ಡರ್‌ನಲ್ಲಿ ಇಟ್ಟಿದ್ದರೆ ತೆಗೆಸಿ. ಹಾಗಿಡಬೇಡಿ ಅಂತ ಮೈಕ್ರೋಸಾಫ್ಟ್‌ನವರೇ ಹೇಳುತ್ತಾರೆ, ನಿಧಾನವೂ ಹೌದು, ಫೈಲ್ ಕೆಟ್ಟುಹೋಗುವ ಭಯವೂ ಹೌದು.

ಪ್ರಶ್ನೆ: ಒಂದು ವಾರದಿಂದ ಬರುವ ಮೇಲ್ ಸರಿಯಾಗಿ ಬರುತ್ತದೆ, ಹೋಗುವ ಮೇಲ್ ನಾಲ್ಕು ಗಂಟೆ ಬಿಟ್ಟು ತಲುಪುತ್ತದೆ, ಜಿಮೇಲ್‌ನವರಿಗೆ ಕೆಲವು ತಲುಪುವುದೇ ಇಲ್ಲ. ನಮ್ಮದು ಆಡಿಟರ್ ಆಫೀಸು, ರಿಟರ್ನ್ ಫೈಲ್ ಮಾಡುವ ಸಮಯ. ಬೇಗ ಉತ್ತರಿಸಿ. (ಮೈಸೂರು)

ಉತ್ತರ: ನಿಮಗೆ ಪತ್ರ ಬಂದ ದಿನವೇ ಉತ್ತರ ಬರೆದಿದ್ದೆ, ಉಳಿದವರಿಗೂ ಬೇಕಾಗುತ್ತದೆ ಅಂತ ಇಲ್ಲಿ ಹಾಕುತ್ತಿದ್ದೇನೆ.

ಮೊದಲು ಮೇಲ್‌ಕ್ಯೂ ಅಂತ ಹೊಡೆದು ಸಾಲಿನಲ್ಲಿ ಎಷ್ಟು ಮೇಲ್ ನಿಂತಿವೆ ನೋಡಿ. ಎಂಟು ಜನರ ಆಫೀಸಿನಲ್ಲಿ ಹತ್ತೋ ಇಪ್ಪತ್ತೋ ಇರಬೇಕು. ಸಾವಿರಗಟ್ಟಲೆ ಇದ್ದು, ನೀವು ಕೇಳೇ ಇರದ ವಿಳಾಸಗಳಿಗೆ ಹೊರಟು ನಿಂತಿದ್ದರೆ, ನಿಮ್ಮವರಲ್ಲಿ ಯಾರದೋ ಪಾಸ್‌ವರ್ಡ್ ಕಳುವಾಗಿದೆ. ನಿಮ್ಮ ಒಂದು ಮೇಲ್ ಆ ಜಾತ್ರೆಯ ಸಾಲಿನ ಕೊನೆಯಲ್ಲಿ ನಿಂತಿದೆ. ಲಾಗ್‌ನಲ್ಲಿ ಯಾವ ಹೆಸರಿನಿಂದ ಲಾಗಿನ್ ಆಗಿ ಕಳಿಸುತ್ತಿದ್ದಾರೆ ಅಂತ ಸಿಗುತ್ತದೆ. ಅದೂ ಸಾಮಾನ್ಯವಾಗಿ ಅಕೌಂಟ್ಸ್, ಇನ್ಫೋ, ಸ್ಕ್ಯಾನರ್ ಇಂಥ ಎಲ್ಲರೂ ಬಳಸುವ, ಯಾರೂ ನೋಡಿಕೊಳ್ಳದ ಖಾತೆ. ಆ ಪಾಸ್‌ವರ್ಡ್ ಬದಲಿಸಿ, ಆಮೇಲೆ ಸಾಲು ಖಾಲಿ ಮಾಡಿ. ಉಲ್ಟಾ ಮಾಡಿದರೆ ನೀವು ಖಾಲಿ ಮಾಡುತ್ತಿರಿ, ಅವನು ತುಂಬುತ್ತಿರುತ್ತಾನೆ.

ಪೋಸ್ಟ್‌ಫಿಕ್ಸ್ ಲಾಗ್‌ನಲ್ಲಿ ಪ್ರತಿ ಮೇಲ್‌ಗೂ ಡಿಲೇಸ್ ಅಂತ ನಾಲ್ಕು ಅಂಕಿ ಗೀಟು ಹಾಕಿ ಬರೆದಿರುತ್ತದೆ, ಉದಾಹರಣೆಗೆ 0.3/0.02/30/1.1. ಮೊದಲನೆಯದು ಮೇಲ್ ಬಂದು ಹೊರಡುವ ಸಾಲಿಗೆ ಸೇರುವ ತನಕ, ಎರಡನೆಯದು ಸಾಲಿನಲ್ಲಿ ಪಾಳಿಗೆ ಕಾದದ್ದು, ಮೂರನೆಯದು ಆ ಕಡೆ ಸರ್ವರನ್ನು ಹುಡುಕಿ ಮಾತು ಶುರು ಮಾಡುವ ತನಕ, ನಾಲ್ಕನೆಯದು ಮೇಲ್ ಸಾಗಿಸಿದ್ದು. ಈ ಉದಾಹರಣೆಯಲ್ಲಿ ಮೂರನೆಯದೇ ಮೂವತ್ತು, ಅಂದರೆ ಡಿಎನ್‌ಎಸ್ ಅಥವಾ ಆ ಕಡೆ ಸರ್ವರ್. ಮೊದಲ ಎರಡು ದೊಡ್ಡದಿದ್ದರೆ ನಿಮ್ಮ ಮನೆಯೊಳಗೇ ಜಾತ್ರೆ, ಇಲ್ಲವೇ ಆ ಮೇಲ್ ಆಗಲೇ ಒಂದೆರಡು ಸಲ ಹೋಗಿ ವಾಪಸ್ ಬಂದಿದೆ. ನಾಲ್ಕನೆಯದು ದೊಡ್ಡದಿದ್ದರೆ ಅಟ್ಯಾಚ್‌ಮೆಂಟ್ ಭಾರ ಅಥವಾ ಅಪ್‌ಲೋಡ್ ಸಾಲದು. ಸರ್ವರ್ ತಾನೇ ಇಷ್ಟು ಚೆನ್ನಾಗಿ ಲೆಕ್ಕ ಒಪ್ಪಿಸುತ್ತಿರುವಾಗ ಆಡಿಟರ್ ಆಫೀಸಿನವರೇ ನೋಡದಿದ್ದರೆ ಹೇಗೆ?

ಜಿಮೇಲ್ ತಲುಪದಿರುವುದಕ್ಕೆ ಕಾರಣ ನಿಮ್ಮ ಐಪಿ ಕಪ್ಪುಪಟ್ಟಿಗೆ ಸೇರಿರೋದು ಇರಬೇಕು. ಸ್ಪ್ಯಾಮ್‌ಹೌಸ್ ಸೈಟ್‌ನಲ್ಲಿ ನಂಬರ್ ಹಾಕಿ ನೋಡಿ, ಇದ್ದರೆ ಮೊದಲು ಕಳ್ಳನನ್ನು ಹೊರಹಾಕಿ ಆಮೇಲೆ ತೆಗೆಯಲು ಕೇಳಿ, ಅವರು ಅದಕ್ಕೆ ದುಡ್ಡು ಕೇಳಲ್ಲ. ಜೊತೆಗೆ ಮೇಲ್ ನಿಮ್ಮದೇ ಅಂತ ಸಾಬೀತು ಮಾಡುವ ಎಸ್‌ಪಿಎಫ್, ಡಿಕಿಮ್ ಇದೆಯಾ, ಐಪಿ ನಂಬರ್ ಯಾರದು ಅಂತ ಹೇಳುವ ಪಿಟಿಆರ್ ದಾಖಲೆ ಇದೆಯಾ ನೋಡಿ. 2024ರ ಫೆಬ್ರವರಿಯಿಂದ ಗೂಗಲ್ ಇವನ್ನು ಬಿಗಿ ಮಾಡಿದೆ. ಪಿಟಿಆರ್ ನಿಮ್ಮ ಕೈಯಲ್ಲಿಲ್ಲ, ಇಂಟರ್‌ನೆಟ್ ಕೊಟ್ಟವರನ್ನೇ ಕೇಳಬೇಕು. ಕಸ್ಟಮರ್ ಕೇರ್‌ನವರಿಗೆ ಪಿಟಿಆರ್ ಅಂದರೆ ಅರ್ಥವಾಗದೆ ಇರಬಹುದು, "ರಿವರ್ಸ್ ಡಿಎನ್‌ಎಸ್" ಅನ್ನಿ, ಮೇಲ್‌ನಲ್ಲೇ ಬರೆದು ಕೇಳಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ನಿರ್ದೇಶನದ ಪ್ರಕಾರ ಹೀಗೆ ಕಳ್ಳ ಒಳಗೆ ನುಗ್ಗಿದ್ದು ಗೊತ್ತಾದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಜಾಗ ಸಾಲದು ಅಂತ ಲಾಗ್ ಅಳಿಸಬೇಡಿ.

ಪ್ರಶ್ನೆ: ಇಷ್ಟೆಲ್ಲ ರಗಳೆ ಯಾಕೆ, ಗೂಗಲ್‌ಗೋ ಜೋಹೋಗೋ ಹೋದರೆ ಎಲ್ಲ ಸರಿಹೋಗಲ್ವಾ? ನಾವು 12 ಜನ. (ಮಂಗಳೂರು)

ಉತ್ತರ: ಲಾಗ್ ಓದುವವರು ಆಫೀಸಿನಲ್ಲಿ ಒಬ್ಬರೂ ಇಲ್ಲ ಅಂದರೆ ಹೋಗಿ, ನಾನೇ ಹೇಳುತ್ತೇನೆ. ಆದರೆ ನಿಧಾನ ಅನ್ನೋದು ಅಲ್ಲಿಗೆ ಮುಗಿಯಲ್ಲ, ಜಾಗ ಬದಲಿಸುತ್ತದೆ. 20 ಎಂಬಿ ಫೈಲ್ ಒಂದನ್ನು ಮೇಲ್‌ಗೆ ಹಾಕಿದರೆ ಅಕ್ಷರಗಳಾಗಿ ಬದಲಾಗಿ ಮೂರನೇ ಒಂದು ಭಾಗ ಉಬ್ಬುತ್ತದೆ, ಸುಮಾರು 27 ಎಂಬಿ. ಸರ್ವರ್ ಪಕ್ಕದ ಕೋಣೆಯಲ್ಲಿದ್ದರೆ ಅದು 12 ಜನಕ್ಕೂ ಆಫೀಸಿನ ಒಳಗೊಳಗೇ ಹಂಚಿಹೋಗುತ್ತದೆ, ಇಂಟರ್‌ನೆಟ್‌ಗೆ ಗೊತ್ತೇ ಆಗಲ್ಲ. ಕ್ಲೌಡ್‌ಗೆ ಹೋದ ಮೇಲೆ 27 ಎಂಬಿ ಒಮ್ಮೆ ಮೇಲೆ ಹೋಗಬೇಕು, ಎಲ್ಲರೂ ತೆರೆದರೆ 324 ಎಂಬಿ ಕೆಳಗೆ ಬರಬೇಕು. 10 ಎಂಬಿಪಿಎಸ್ ಅಪ್‌ಲೋಡ್ ಇದ್ದರೆ ಮೇಲೆ ಹೋಗಲು ಇಪ್ಪತ್ತೆರಡು ಸೆಕೆಂಡು, 1 ಎಂಬಿಪಿಎಸ್ ಇದ್ದರೆ ಮೂರೂವರೆ ನಿಮಿಷ. ಹೋಗುವ ಮೊದಲು ನಿಮ್ಮ ಕನೆಕ್ಷನ್‌ನ ಅಪ್‌ಲೋಡ್ ಎಷ್ಟು ಅಂತ ನೋಡಿ, ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಇರೋದು ಡೌನ್‌ಲೋಡ್. ದೊಡ್ಡ ಫೈಲನ್ನು ಹಂಚಿದ ಫೋಲ್ಡರ್‌ನಲ್ಲಿಟ್ಟು ಲಿಂಕ್ ಕಳಿಸುವ ಅಭ್ಯಾಸ ಮಾಡಿಸಿದರೆ ಎಲ್ಲಿದ್ದರೂ ಆರಾಮ.

ಪ್ರಶ್ನೆ: ಕೆಲವು ಮೇಲ್ ಐದೂವರೆ ಗಂಟೆ ತಡವಾಗಿ ಬಂದ ಹಾಗೆ ಕಾಣುತ್ತದೆ. ಕರೆಂಟ್ ಹೋಗಿ ಬಂದ ದಿನವಂತೂ ಹತ್ತು ವರ್ಷ ಹಿಂದಿನ ತಾರೀಖು ಬೀಳುತ್ತದೆ. (ಚಿತ್ರದುರ್ಗ)

ಉತ್ತರ: ಎರಡೂ ಬೇರೆಬೇರೆ, ಎರಡರಲ್ಲೂ ಮೇಲ್ ತಡವಾಗಿಲ್ಲ. ಮೇಲ್‌ನ ಹೆಡರ್ ತೆರೆದರೆ ರಿಸೀವ್ಡ್ ಅನ್ನುವ ಸಾಲುಗಳು ಒಂದರ ಮೇಲೊಂದು ಇರುತ್ತವೆ, ದಾರಿಯ ಪ್ರತಿ ಸರ್ವರ್ ತನ್ನ ಮುದ್ರೆಯನ್ನು ಮೇಲ್ಗಡೆ ಹೊಡೆಯುತ್ತದೆ. ಹಾಗಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ 04:42:05 ಪ್ಲಸ್ 0000 ಅಂತಿದ್ದು ಮೇಲೆ 10:12:09 ಪ್ಲಸ್ 0530 ಅಂತಿದ್ದರೆ ಗಾಬರಿ ಬೇಡ, ಮೊದಲನೆಯದು ಗ್ರೀನಿಚ್ ಲೆಕ್ಕ, ಐದೂವರೆ ಗಂಟೆ ಸೇರಿಸಿ. ನಾಲ್ಕೇ ಸೆಕೆಂಡಿನಲ್ಲಿ ಬಂದಿದೆ. ಕಳಿಸಿದ ಕಡೆಯ ಸರ್ವರ್‌ನ ಟೈಮ್‌ಝೋನ್ ಭಾರತಕ್ಕೆ ಇಟ್ಟಿಲ್ಲ, ಅಷ್ಟೇ.

ಹತ್ತು ವರ್ಷ ಹಿಂದಿನ ತಾರೀಖು ಬೀಳೋದು ಮದರ್‌ಬೋರ್ಡ್‌ನ ಗುಂಡು ಬ್ಯಾಟರಿ ಸತ್ತಿರೋದಕ್ಕೆ. ಸಾಮಾನ್ಯವಾಗಿ ಸಿಆರ್ 2032, ಕೈಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಅದರ ಜೊತೆ ಇಂಟರ್‌ನೆಟ್‌ನಿಂದ ಗಡಿಯಾರ ಸರಿಮಾಡುವ ಎನ್‌ಟಿಪಿ ಆನ್ ಮಾಡಿ, ಸರ್ಕಾರಿ ಸಂಸ್ಥೆಗಳಾದ ಎನ್‌ಐಸಿ ಅಥವಾ ಎನ್‌ಪಿಎಲ್‌ನ ಟೈಮ್ ಸರ್ವರ್ ಕೊಡಿ, ಮೇಲೆ ಹೇಳಿದ ಸರ್ಟ್-ಇನ್ ನಿರ್ದೇಶನದಲ್ಲಿ ಅದೂ ಇದೆ. ಹಳೇ ಬ್ಯಾಟರಿ ತೆಗೆಯುವ ಮೊದಲು ಬಯಾಸ್ ಸೆಟ್ಟಿಂಗ್ ಪುಟಗಳ ಫೋಟೊ ಮೊಬೈಲ್‌ನಲ್ಲಿ ಹೊಡೆದಿಟ್ಟುಕೊಳ್ಳಿ, ಪ್ಲಗ್ ಕಿತ್ತೇ ಕೈ ಹಾಕಿ, ಹೊಸದನ್ನು ಕೂರಿಸುವಾಗ ಪ್ಲಸ್ ಗುರುತು ಹಳೆಯದು ಇದ್ದ ಕಡೆಯೇ ಇರಲಿ.